ಒಮ್ಮೆಲೆ ಬಿರುಗಾಳಿ ಬಂದ್ರ ಕೈಟ್ ಏನ್ ಮಾಡೋದು?

ಕೊಪ್ಪಳ_ಹುಡ್ಗ: ರಾಮೇಶ್ವರಂ ಕಡೆ ಕೈಟ್‌ಬೋರ್ಡಿಂಗ್ (ದೊಡ್ಡ ಗಾಳಿಪಟದ ಎಳೆತಕ್ಕ ಹಲಗಿ ಮ್ಯಾಲ ನಿಂತು ನೀರಾಗ ಓಡೋ ಆಟ) ಕಲ್ತು ಬಂದೀನ್ರಿ, ಮುನಿರಾಬಾದ್ ಕಡೆ ತುಂಗಭದ್ರಾ ಡ್ಯಾಂ ಹಿನ್ನೀರು ನೋಡಿದ್ರ ಇಲ್ಲೇ ಆಡ್ಬೇಕು ಅನಸ್ತೈತಿ, ಆದ್ರ ಮೇ ತಿಂಗಳ ಅಡ್ಡಮಳಿ ಗೊತ್ತಲ್ರಿ, ನಡು ನೀರಾಗ ಸಿಕ್ಕೊಂಡ್ರ ಏನ್ ಗತಿ?

ಗಾಳಿಗುರು: ಸಿಕ್ಕೊಳ್ಳೋಮಟ ಯಾಕ್ ಇರ್ತೀರಿ? ಕರಿ ಮೋಡ ಎದ್ದು, ಬೀಸೋ ಗಾಳಿ ಗಪ್ಪಂತ ನಿಂತು ಆಮ್ಯಾಲ ತಣ್ಣಗ ಬೀಸಾಕ ಹತ್ತಿದ್ರ ಮುಗೀತು, ಮಳಿಗಿಂತ ಮೊದ್ಲ ಬಿರುಗಾಳಿನ ಬರೋದು. ಗಾಳಿ ಸ್ಪೀಡ್ ಡಬಲ್ ಆದ್ರ ಎಳೆತ ನಾಕು ಪಟ್ಟು ಆಗತೈತಿ. ಮೋಡ ಕಂಡ ಕೂಡ್ಲೇ ದಂಡಿಗೆ ಬಂದು ಕೈಟ್ ಇಳಿಸಿ ಅದರಾಗಿನ ಗಾಳಿ ಬಿಡ್ರಿ. ಆಗ್ಲಿಲ್ಲಂದ್ರ ಕೈಯಾಗ ಹಿಡಿಯೋ ಬಾರ್ (ಕೋಲು) ಹತ್ರ ಇರೋ ಕ್ವಿಕ್ ರಿಲೀಸ್ (ಕೈಟ್ ಎಳೆತ ಬಿಡಿಸೋ ಹಿಡಿಕಿ) ದೂಡ್ರಿ, ಕೈಟ್ ಒಂದೇ ಲೈನಿಗೆ (ಹಗ್ಗಕ್ಕ) ಜೋತುಬಿದ್ದು ಪವರ್ ಹೋಗತೈತಿ. ಆಗ್ಲೂ ಎಳದ್ರ ಲೀಶ್‌ನೂ (ಕೈಟನ್ನ ನಿಮಗ ಕಟ್ಟಿರೋ ಕಡೀ ಹಗ್ಗ) ಬಿಟ್ಬಿಡ್ರಿ, ಕೈಟ್ ಹೋದ್ರ ಹೋಗ್ಲಿ, ದುಡ್ಡಿನ ಮಾರಿ ನೋಡಬ್ಯಾಡ್ರಿ.

ಟಿಬಿಡ್ಯಾಂ_ಮಂದಿ: ಸಿಡ್ಲಿಂದು ಯಾರೂ ಹೇಳ್ಲಿಲ್ಲ. ಗುಡುಗು ಕೇಳ್ತಂದ್ರ ಆಟ ಬಂದ್, ಸಿಡ್ಲಿನ ಮುನ್ಸೂಚನೆ ಕೊಡೋ ದಾಮಿನಿ ಆ್ಯಪ್ ಹಾಕ್ಕೊಳ್ರಿ. ಮತ್ತ ಮೇ ತಿಂಗ್ಳದಾಗ ನೀರೆಲ್ಲಿರತೈತಿ ಮಾರಾಯಾ, ದಂಡಿಯೆಲ್ಲಾ ಹೂಳು, ಮೊಣಕಾಲಮಟ ಹುಗಿತೀರಿ! ಜಲಾಶಯದಾಗ ಇಳಿಯಾಕ ಪರ್ಮಿಷನ್ ಬೇರೆ ಕೇಳ್ಬೇಕು.

ಕೊಪ್ಪಳ_ಹುಡ್ಗ: ಹೂಳಿಂದು ತಲಿಗೇ ಹೊಳೆದಿದ್ದಿಲ್ರಿ 😅 ಲೀಶ್ ಬಿಚ್ಚೋದು ಮೊದ್ಲು ದಂಡಿ ಮ್ಯಾಲ ಪ್ರಾಕ್ಟೀಸ್ ಮಾಡ್ತೀನಿ.