ಹೊರಗಿಡುವ ಮೇಜು-ಕುರ್ಚಿ: ಟಾರ್ಪಾಲ್ ಮುಚ್ಚಿದರೂ ಬೂಷ್ಟು, ತುಕ್ಕು ಯಾಕೆ?

ಅಂಗಳದ_ಬೆಂಚು:

ಎಲ್ಲರಿಗೂ ನಮಸ್ಕಾರ. ವರ್ಷಪೂರ್ತಿ ಬಯಲಲ್ಲೇ ಇರುವ ಸಾಮಾನುಗಳು ಇವು: ವಾರ್ನಿಷ್ ಹೊಡೆದ ತೇಗದ ಬೆಂಚು, ಕಬ್ಬಿಣದ ಪೈಪಿನ ನಾಲ್ಕು ಕುರ್ಚಿ, ಅಲ್ಯೂಮಿನಿಯಂ ಮೇಜು, ಪ್ಲಾಸ್ಟಿಕ್ ಬೆತ್ತದ ಸೋಫಾ ಮತ್ತು ಅದರ ಕುಶನ್‌ಗಳು. ಮಳೆಗಾಲದುದ್ದಕ್ಕೂ ಟಾರ್ಪಾಲ್ ಹೊದಿಸಿ ನೆಲದವರೆಗೂ ಬಿಗಿಯಾಗಿ ಕಟ್ಟಿದ್ದೆ. ಈಗ ತೆಗೆದು ನೋಡಿದರೆ ಬೆಂಚಿನ ಮೇಲೆ ಬೂಷ್ಟು, ಸ್ಕ್ರೂಗಳ ಸುತ್ತ ಕಪ್ಪು ಕಲೆ, ವಾರ್ನಿಷ್ ಅಲ್ಲಲ್ಲಿ ಎದ್ದು ಬರುತ್ತಿದೆ. ಕುರ್ಚಿ ಕಾಲುಗಳ ಕೆಳಗೆ ನೆಲದ ಮೇಲೆ ಕಂದು ಗುರುತು. ಇನ್ನೂ ದಪ್ಪದ ಕವರ್ ತಂದರೆ ಸರಿಹೋಗುತ್ತದೆಯೇ? ಬಿಸಿಲಿಗೆ, ಮಳೆಗೆ ಬೇರೆ ಬೇರೆ ಏನು ಮಾಡಬೇಕು?

ಬಡಗಿಮನೆ:

ದಪ್ಪದ ಕವರ್ ತಂದರೆ ಬೂಷ್ಟು ಇನ್ನೂ ಹೆಚ್ಚಾಗುತ್ತದೆ. ಮೇಲೆ ಬಿದ್ದು ಹರಿದುಹೋಗುವ ಮಳೆಯಿಂದ ಅಷ್ಟೇನೂ ಕೇಡಿಲ್ಲ; ಹೋಗಲು ದಾರಿ ಇಲ್ಲದೆ ಸಿಕ್ಕಿಕೊಂಡ ತೇವವೇ ಹಾಳುಮಾಡುವುದು. ಟಾರ್ಪಾಲ್ ನೀರನ್ನು ಒಳಗೆ ಬಿಡದಂತೆಯೇ ಒಳಗಿನ ಆವಿಯನ್ನು ಹೊರಗೂ ಬಿಡುವುದಿಲ್ಲ. ನೆಲದ ತೇವ ಹಗಲಿನ ಬಿಸಿಗೆ ಆವಿಯಾಗಿ ಏಳುತ್ತದೆ, ರಾತ್ರಿ ತಣ್ಣಗಾದ ಟಾರ್ಪಾಲಿನ ಒಳಮೈಯಲ್ಲಿ ಹನಿಗಟ್ಟಿ ಮತ್ತೆ ಮರದ ಮೇಲೇ ತೊಟ್ಟಿಕ್ಕುತ್ತದೆ.

ಗಾಳಿಯಾಡುವ ಬಟ್ಟೆಯ, ಪಕ್ಕದಲ್ಲಿ ಗಾಳಿಕಿಂಡಿ ಇರುವ ಕವರ್ ಒಳ್ಳೆಯದು. ಅದರ ಅಂಚು ನೆಲದಿಂದ 10 ಸೆಂ.ಮೀ. ಮೇಲಕ್ಕಿರಲಿ. ಮೇಜಿನ ನಡುವೆ ಒಂದು ಬಕೆಟ್ ಬೋರಲು ಹಾಕಿ ಅದರ ಮೇಲೆ ಕವರ್ ಹೊದಿಸಿದರೆ ಇಳಿಜಾರು ಸಿಗುತ್ತದೆ, ನೀರು ನಿಂತು ಜೋತುಬೀಳುವುದಿಲ್ಲ. ಸಾಮಾನು ಪೂರ್ತಿ ಒಣಗದೆ ಮುಚ್ಚಲೇಬೇಡಿ. ಮಳೆ ಬಿಡುವು ಕೊಟ್ಟಾಗಲೆಲ್ಲ ಕೆಲವು ಗಂಟೆ ತೆರೆದಿಡಿ.

ಇನ್ನು ಬೆಂಚು. ತೇಗದಲ್ಲಿ ಅದರದೇ ಎಣ್ಣೆಯಂಶ ಇರುವುದರಿಂದ ಬೇಗ ಕೊಳೆಯುವುದಿಲ್ಲ. ಬಿಸಿಲಿನ ನೇರಳಾತೀತ ಕಿರಣ ಮೇಲ್ಮೈಯ ಲಿಗ್ನಿನ್ ಅನ್ನು (ಮರದ ಎಳೆಗಳನ್ನು ಹಿಡಿದಿಡುವ ವಸ್ತು) ಒಡೆದಾಗ ಬೂದುಬಣ್ಣ ಬರುತ್ತದೆ. ಅದು ಮೇಲಿನ ತೆಳು ಪದರದ ಮಾತು ಮಾತ್ರ, ಒಳಗಿನ ಮರ ಗಟ್ಟಿಯಾಗಿಯೇ ಇರುತ್ತದೆ. ವಾರ್ನಿಷ್‌ನದು ಬೇರೆ ಸಮಸ್ಯೆ. ಮರ ತೇವಕ್ಕೆ ಹಿಗ್ಗಿ ಒಣಗಿದಾಗ ಕುಗ್ಗುತ್ತದೆ, ಗಟ್ಟಿ ಪದರಕ್ಕೆ ಅಷ್ಟು ಬಾಗಲು ಬರದೆ ಕೂದಲೆಳೆ ಬಿರುಕು ಬಿಡುತ್ತದೆ. ಅಲ್ಲಿಂದ ನುಗ್ಗಿದ ನೀರು ಪದರದಡಿ ಹರಡಿಕೊಂಡು ವಾರ್ನಿಷನ್ನು ಎಬ್ಬಿಸುತ್ತದೆ. ಅದರ ಮೇಲೆ ಹೊಸದಾಗಿ ಬಳಿದರೆ ಹಳೆಯದರ ಜೊತೆ ಹೊಸದೂ ಏಳುತ್ತದೆ. ಪೂರ್ತಿ ತೆಗೆಯಿರಿ: 80ನೇ ನಂಬರಿನ ಒರಟು ಸ್ಯಾಂಡ್‌ಪೇಪರಿನಲ್ಲಿ ಶುರುಮಾಡಿ, ಅದಕ್ಕಿಂತ ನಯವಾದ 120ರಲ್ಲಿ ಮುಗಿಸಿ, ಉಜ್ಜುವುದೆಲ್ಲ ಮರದ ಎಳೆಯ ದಿಕ್ಕಿನಲ್ಲೇ. ದೂಳು ಮೂಗಿಗೆ ಹೋಗದಂತೆ ಮಾಸ್ಕ್ ಹಾಕಿ.

ಸ್ಕ್ರೂ ಸುತ್ತಲಿನ ಕಪ್ಪು ಬೂಷ್ಟಲ್ಲ. ಮರದಲ್ಲಿರುವ ಟ್ಯಾನಿನ್ ಎಂಬ ಒಗರು ಅಂಶ ಕಬ್ಬಿಣದ ಜೊತೆ ಸೇರಿ ಆದ ಬಣ್ಣ ಅದು. ಸೋಪಿಗೆ, ಬ್ಲೀಚಿಗೆ ಹೋಗುವುದಿಲ್ಲ. ಒಂದು ಲೀಟರ್ ಬೆಚ್ಚಗಿನ ನೀರಿಗೆ 50 ಗ್ರಾಂ ಆಕ್ಸಾಲಿಕ್ ಆಮ್ಲ ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಕರಗಿಸಿ ಬ್ರಷ್ಷಿನಿಂದ ಬಳಿಯಿರಿ. ಕಲೆಯ ಮೇಲಷ್ಟೇ ಹಚ್ಚಿದರೆ ಬಿಳಿ ಮಚ್ಚೆ ಉಳಿಯುತ್ತದೆ, ಆದ್ದರಿಂದ ಇಡೀ ಹಲಗೆಗೆ ಹಚ್ಚಿ. 15-20 ನಿಮಿಷ ಬಿಟ್ಟು ಧಾರಾಳ ನೀರಿನಲ್ಲಿ ತೊಳೆಯಿರಿ. ಅದು ವಿಷ, ಕೈಗವಸು, ಕನ್ನಡಕ ಬೇಕೇ ಬೇಕು. ಬ್ಲೀಚ್ ತಾಗಿರುವ ಜಾಗಕ್ಕೆ ಹಾಕಬೇಡಿ, ವಿಷಾನಿಲ ಏಳುತ್ತದೆ. ಆಮೇಲೆ ಆ ಕಬ್ಬಿಣದ ಸ್ಕ್ರೂಗಳನ್ನು ತೆಗೆದು ಸ್ಟೇನ್‌ಲೆಸ್ ಹಾಕಿ. ಸಾಮಾನ್ಯವಾಗಿ 304 ದರ್ಜೆಯ ಸ್ಟೇನ್‌ಲೆಸ್ ಸಾಕು. ಸಮುದ್ರದ ಗಾಳಿ ಬೀಸುವಲ್ಲಿ 316. ಸ್ಕ್ರೂ ಬದಲಿಸದೆ ಕಲೆ ಮಾತ್ರ ತೆಗೆದರೆ ಮುಂದಿನ ಮಳೆಗೆ ಮತ್ತೆ ಬರುತ್ತದೆ.

ತುಕ್ಕುವೈರಿ:

ಕುರ್ಚಿಗಳ ವಿಷಯ ನಾನು ಹೇಳುತ್ತೇನೆ. ನೆಲದ ಮೇಲಿನ ಕಂದು ಗುರುತು ನೋಡಿದರೆ ಪೈಪ್ ಒಳಗಿನಿಂದ ತುಕ್ಕು ಹಿಡಿದಿದೆ. ವೆಲ್ಡಿಂಗಿನ ಸಣ್ಣ ಸಂದಿನಿಂದಲೋ ಸ್ಕ್ರೂ ತೂತಿನಿಂದಲೋ ಇಳಿದ ನೀರು ಕಾಲಿನ ತಳದ ಪ್ಲಾಸ್ಟಿಕ್ ಮುಚ್ಚಳದ (ಬುಶ್) ಮೇಲೆ ನಿಂತುಬಿಡುತ್ತದೆ. ಹೊರಗೆ ಎಷ್ಟು ಬಣ್ಣ ಹೊಡೆದರೂ ಇದಕ್ಕೆ ಉಪಯೋಗವಿಲ್ಲ. ಮೊದಲು ಬುಶ್ ಕಿತ್ತು ಕುರ್ಚಿಯನ್ನು ತಲೆಕೆಳಗು ಮಾಡಿ ಒಣಗಿಸಿ. ಸ್ಕ್ರೂಡ್ರೈವರಿನ ಹಿಡಿಯಿಂದ ಕಾಲಿನ ಕೆಳಗಿನ ಒಂದು ಗೇಣು ಭಾಗವನ್ನು ತಟ್ಟುತ್ತ ಬನ್ನಿ. ಗಟ್ಟಿ ಸದ್ದು ಬಂದರೆ ಸರಿ. ಸದ್ದು ಮಂದವಾಗಿ, ಒಳಗಿನಿಂದ ಪುಡಿ ಉದುರಿ, ಒತ್ತಿದಲ್ಲಿ ತಗ್ಗು ಬಿದ್ದರೆ ಲೋಹ ತೆಳುವಾಗಿದೆ. ಅಂಥ ಕಾಲನ್ನು ಕತ್ತರಿಸಿ ಹೊಸ ಪೈಪ್ ವೆಲ್ಡ್ ಮಾಡಿಸುವವರೆಗೆ ಆ ಕುರ್ಚಿಯಲ್ಲಿ ಯಾರನ್ನೂ ಕೂರಿಸಬೇಡಿ.

ಗಟ್ಟಿ ಇರುವ ಕಾಲುಗಳಿಗೆ ಹೊರಗಿನ ಕೆಲಸ ಹೀಗೆ. ಸಡಿಲ ತುಕ್ಕನ್ನು ತಂತಿ ಬ್ರಷ್ಷಿನಲ್ಲಿ ಕೆರೆದು, 80ರ ಎಮರಿ ಪೇಪರಿನಲ್ಲಿ ಉಜ್ಜಿ, ಗಟ್ಟಿಯಾಗಿ ಉಳಿದ ಹಳೆ ಬಣ್ಣದ ಅಂಚನ್ನು ಕೈಗೆ ಮೆಟ್ಟಿಲು ತಾಗದಷ್ಟು ನವಿರಾಗಿಸಿ. ಗುಳಿಗಳಲ್ಲಿ ಉಳಿದ ತುಕ್ಕಿಗೆ ಫಾಸ್ಪಾರಿಕ್ ಆಮ್ಲದ ರಸ್ಟ್ ಕನ್ವರ್ಟರ್ ತೆಳುವಾಗಿ ಹಚ್ಚಿ. ತುಕ್ಕು ಕಬ್ಬಿಣದ ಫಾಸ್ಫೇಟ್ ಆಗಿ ಬದಲಾಗುತ್ತದೆ. ಎಷ್ಟು ಹೊತ್ತು ಬಿಡಬೇಕು, ತೊಳೆಯಬೇಕೋ ಬೇಡವೋ ಎಂಬುದು ಒಂದೊಂದು ಡಬ್ಬಿಗೆ ಒಂದೊಂದು ರೀತಿ, ಅದನ್ನು ಓದಿಯೇ ಮುಂದುವರಿಯಿರಿ. ಬರೀ ಲೋಹ ಕಾಣುವ ಜಾಗಕ್ಕೆ ಅದೇ ದಿನ ಪ್ರೈಮರ್ ಬೀಳಬೇಕು; ರಾತ್ರಿಯ ಇಬ್ಬನಿಗೆ ಬಿಟ್ಟರೆ ಬೆಳಿಗ್ಗೆಗೆ ಹೊಸ ತುಕ್ಕಿನ ಛಾಯೆ ಇರುತ್ತದೆ. ಜಿಂಕ್ ಫಾಸ್ಫೇಟ್ ಪ್ರೈಮರ್ ಒಂದು ಕೋಟ್, ಮೇಲೆ ಹೊರಾಂಗಣದ ಎನಾಮೆಲ್ ಎರಡು ತೆಳು ಕೋಟ್. ಒಂದೇ ದಪ್ಪ ಕೋಟ್ ಹೊಡೆದರೆ ಮೇಲ್ಗಡೆ ಕೆನೆಗಟ್ಟಿ ಒಳಗೆ ಹಸಿಯಾಗಿಯೇ ಉಳಿಯುತ್ತದೆ, ಉಗುರು ತಾಗಿದರೂ ಕಿತ್ತು ಬರುತ್ತದೆ. ವೆಲ್ಡಿಂಗ್ ಸಂದುಗಳಿಗೆ ಮೊದಲು ಸಣ್ಣ ಬ್ರಷ್ಷಿನಿಂದ ಕುತ್ತಿ ಕುತ್ತಿ ತುಂಬಿ, ನಂತರ ಉಳಿದ ಭಾಗ.

ಅಂಗಳದ_ಬೆಂಚು:

ಇಬ್ಬರಿಗೂ ತುಂಬಾ ಧನ್ಯವಾದ. ಎರಡು ಅನುಮಾನ. ಪೈಪಿನೊಳಗಿನ ನೀರು ಹೋಗಲು ತೂತು ಕೊರೆಯಬಹುದೇ, ಅಲ್ಲೇ ತುಕ್ಕು ಶುರುವಾಗುವುದಿಲ್ಲವೇ? ಬೆಂಚಿಗೆ ವಾರ್ನಿಷ್ ಬದಲು ಟೀಕ್ ಆಯಿಲ್ ಹಚ್ಚಲೇ?

ತುಕ್ಕುವೈರಿ:

ಕೊರೆಯಿರಿ. ಕುರ್ಚಿ ನಿಂತಾಗ ಪೈಪಿನ ಅತಿ ತಗ್ಗಿನ ಜಾಗದಲ್ಲಿ, ಬುಶ್‌ನ ಮೇಲಂಚಿಗೆ ಸರಿಯಾಗಿ, ಒಳಮಗ್ಗುಲಿಗೆ 5 ಅಥವಾ 6 ಮಿ.ಮೀ. ತೂತು. ಅದಕ್ಕಿಂತ ಸಣ್ಣದಾದರೆ ತುಕ್ಕಿನ ಪುಡಿಯೇ ಕಟ್ಟಿಕೊಳ್ಳುತ್ತದೆ. ಬುಶ್‌ಗೂ ನಡುವೆ ಒಂದು ತೂತು ಕೊರೆದರೆ ಇನ್ನೂ ಒಳ್ಳೆಯದು. ತೂತಿನ ಅಂಚನ್ನು ಉಜ್ಜಿ ಪ್ರೈಮರ್, ಬಣ್ಣ ಎರಡನ್ನೂ ಕೊಡಿ. ಹಿಮ ಬೀಳುವ ಊರಿನಲ್ಲಿದ್ದರೆ ಇದು ಕಡ್ಡಾಯ: ನೀರು ಹೆಪ್ಪುಗಟ್ಟಿದಾಗ ಸುಮಾರು 9% ಹಿಗ್ಗುತ್ತದೆ, ತುಂಬಿದ ಪೈಪ್ ಉದ್ದಕ್ಕೂ ಸೀಳುತ್ತದೆ.

ನೆರಳುಬಿಸಿಲು:

ಟೀಕ್ ಆಯಿಲ್ ಬಗ್ಗೆ ನನ್ನ ಅಭಿಪ್ರಾಯ ಸ್ವಲ್ಪ ಖಡಕ್ಕಾಗಿದೆ: ಬೂದುಬಣ್ಣ ಒಪ್ಪಿಗೆಯಾದರೆ ಏನೂ ಹಚ್ಚಬೇಡಿ. ಅದು ತೇಗದಿಂದ ತೆಗೆದ ಎಣ್ಣೆಯಲ್ಲ. ಹೆಚ್ಚಾಗಿ ಅಗಸೆ ಎಣ್ಣೆ ಅಥವಾ ಟಂಗ್ ಎಣ್ಣೆಗೆ ತೆಳುಗೊಳಿಸುವ ದ್ರಾವಕ ಬೆರೆಸಿರುತ್ತಾರೆ. ಬೂಷ್ಟುನಿರೋಧಕ ಇಲ್ಲದ ಎಣ್ಣೆ ತೇವದ ಜಾಗದಲ್ಲಿ ಬೂಷ್ಟಿಗೇ ಆಹಾರವಾಗಿ ಬೆಂಚು ಕಪ್ಪಾಗುತ್ತದೆ. ಎಣ್ಣೆ ಶುರುಮಾಡಿದ ಮೇಲೆ ಬಿಸಿಲಿಗೆ ತಕ್ಕಂತೆ ವರ್ಷಕ್ಕೆ ಒಂದೆರಡು ಸಲ ಹಚ್ಚುತ್ತಲೇ ಇರಬೇಕು. ಹೊಂಬಣ್ಣವೇ ಬೇಕೆಂದರೆ ನೇರಳಾತೀತ ತಡೆ, ಬೂಷ್ಟುನಿರೋಧಕ ಎರಡೂ ಇರುವ, ಪದರ ಕಟ್ಟದ ಸೀಲರ್ ತೆಗೆದುಕೊಳ್ಳಿ. ತೊಳೆದ ಮರ ಎರಡು ಮೂರು ದಿನ ಒಣಗಿರಬೇಕು, ನೆರಳಿನಲ್ಲಿ ಹಚ್ಚಬೇಕು, ಮರ ಹೀರದೆ ಉಳಿದದ್ದನ್ನು 15-20 ನಿಮಿಷದಲ್ಲಿ ಒರೆಸಿಬಿಡಬೇಕು. ಇಲ್ಲದಿದ್ದರೆ ಅಂಟಂಟಾಗಿ ದೂಳು ಹಿಡಿಯುತ್ತದೆ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆಮಾಡಿ ಎಸೆಯಲೇಬೇಡಿ. ಅಗಸೆ ಎಣ್ಣೆ ಒಣಗುವಾಗ ಶಾಖ ಹುಟ್ಟುತ್ತದೆ, ಮುದ್ದೆಯೊಳಗೆ ಅದು ಕೂಡಿಕೊಂಡು ತಾನಾಗಿಯೇ ಬೆಂಕಿ ಹತ್ತುತ್ತದೆ. ಹೊರಗೆ ಒಂದೇ ಪದರವಾಗಿ ಹರಡಿ ಒಣಗಿಸಿ ಅಥವಾ ನೀರಲ್ಲಿ ಮುಳುಗಿಸಿಡಿ.

ಪ್ರೆಷರ್ ವಾಷರ್ ಮರಕ್ಕೆ ಬೇಡ. ಎಳೆಗಳ ನಡುವಿನ ಮೆದು ಭಾಗ ಕಿತ್ತುಹೋಗಿ ಮೇಲ್ಮೈ ಗೀರುಗೀರಾಗುತ್ತದೆ, ಆ ಗೀರಿನಲ್ಲೇ ಮುಂದೆ ಪಾಚಿ ಕೂರುತ್ತದೆ. ಮೆದು ಬ್ರಷ್, ಸೋಪುನೀರು ಸಾಕು.

ಅಲ್ಯೂಮಿನಿಯಂ ಮೇಜಿಗೆ ಹೆಚ್ಚು ಕೆಲಸವಿಲ್ಲ. ಬೋಲ್ಟುಗಳ ಸುತ್ತ ಬಿಳಿ ಪುಡಿ ಕಂಡರೆ ಮಾತ್ರ ಗಮನ ಕೊಡಿ: ಉಕ್ಕು, ಅಲ್ಯೂಮಿನಿಯಂ ತಾಗಿಕೊಂಡು ನಡುವೆ ನೀರಿದ್ದರೆ ಸವೆಯುವುದು ಅಲ್ಯೂಮಿನಿಯಂ. ನೈಲಾನ್ ವಾಷರ್ ಹಾಕಿ ಎರಡನ್ನೂ ಬೇರ್ಪಡಿಸಿ. ಪೌಡರ್ ಕೋಟಿಂಗ್ ಎದ್ದ ಜಾಗಕ್ಕೆ ತಕ್ಷಣ ಟಚ್‌ಅಪ್ ಬಣ್ಣ. ವರ್ಷಕ್ಕೆರಡು ಸಲ ಕಾರಿನ ವ್ಯಾಕ್ಸ್ ಹಚ್ಚಿದರೆ ಹೊಳಪು ಉಳಿಯುತ್ತದೆ.

ಸೋಫಾದ ಚೌಕಟ್ಟಿಗೆ ಅಯಸ್ಕಾಂತ ಹಿಡಿದು ನೋಡಿ. ಅಂಟಿಕೊಂಡರೆ ಒಳಗಿರುವುದು ಕಬ್ಬಿಣ. ಹೆಣಿಗೆಯಡಿ ಕಾಣದೆ ತುಕ್ಕು ಹಿಡಿಯುತ್ತದೆ, ತಳದ ವೆಲ್ಡಿಂಗುಗಳನ್ನು ಟಾರ್ಚ್ ಹಾಕಿ ನೋಡುತ್ತಿರಬೇಕು. ಕುಶನ್‌ಗಳು ಮಾತ್ರ ಹೊರಗೆ ರಾತ್ರಿ ಕಳೆಯದಿರುವುದೇ ಲೇಸು. ನೆನೆದರೆ ಹಿಂಡಬೇಡಿ, ಜಿಪ್ ತೆರೆದು ಜಿಪ್ ಇರುವ ಅಂಚು ಕೆಳಗೆ ಬರುವಂತೆ ನೆಟ್ಟಗೆ ನಿಲ್ಲಿಸಿ. ಫೋಮಿನ ನೀರು ತಾನಾಗಿ ಇಳಿಯುತ್ತದೆ. ಚಪ್ಪಟೆಯಾಗಿ ಮಲಗಿಸಿದರೆ ಮೇಲ್ಗಡೆ ಒಣಗಿ ನಡುವೆ ಹಸಿ ಉಳಿದು ಮುಗ್ಗಲು ವಾಸನೆ ಹಿಡಿಯುತ್ತದೆ.

ಬಡಗಿಮನೆ:

ನೆರಳುಬಿಸಿಲು ಹೇಳಿದ್ದನ್ನು ಒಪ್ಪುತ್ತೇನೆ, ಒಂದು ಜಾಗ ಬಿಟ್ಟು: ಬೆಂಚಿನ ಕಾಲಿನ ತಳ. ಅಡ್ಡ ಕೊಯ್ದ ಆ ಮುಖದಲ್ಲಿ ಮರದ ನಾಳಗಳೆಲ್ಲ ಬಾಯಿ ತೆರೆದಿರುತ್ತವೆ, ನಿಂತ ನೀರನ್ನು ಮೇಲಕ್ಕೆ ಎಳೆದುಕೊಳ್ಳುತ್ತವೆ. ಮೈಗೆ ಏನೂ ಹಚ್ಚದಿದ್ದರೂ ಬೆಂಚನ್ನು ಮಗುಚಿ, ತಳ ಚೆನ್ನಾಗಿ ಒಣಗಿದ ಮೇಲೆ ತೆಳು ಎಪಾಕ್ಸಿಯನ್ನು (ಎರಡು ಭಾಗ ಬೆರೆಸಿದಾಗ ಗಟ್ಟಿಯಾಗುವ ಅಂಟು) ಮರ ಹೀರುವುದು ನಿಲ್ಲುವವರೆಗೆ ಎರಡು ಮೂರು ಸಲ ಬಳಿಯಿರಿ. ಅಲ್ಲಿ ಬಿಸಿಲು ತಾಗದ್ದರಿಂದ ಎಪಾಕ್ಸಿ ಬಾಳಿಕೆ ಬರುತ್ತದೆ. ಗಟ್ಟಿಯಾದ ಮೇಲೆ ಪ್ರತಿ ಕಾಲಿಗೆ ಗಟ್ಟಿ ರಬ್ಬರಿನ ಸಣ್ಣ ತುಂಡನ್ನು ಸ್ಟೇನ್‌ಲೆಸ್ ಸ್ಕ್ರೂನಿಂದ ಕೂರಿಸಿ. ತುಂಡು ಕಾಲಿಗಿಂತ ಸುತ್ತ ಸ್ವಲ್ಪ ಚಿಕ್ಕದಿರಲಿ, ಅಂಚಿನಲ್ಲಿ ನೀರು ನಿಲ್ಲುವುದಿಲ್ಲ. ಮಣ್ಣಿನ ಮೇಲೆ ಇಡುವ ಬೆಂಚಾದರೆ ಕಾಲಿನಡಿ ಒಂದೊಂದು ಚಪ್ಪಡಿ ಹಾಕಿ, ಗೆದ್ದಲು ಹತ್ತಿದರೆ ಮಣ್ಣಿನ ಗೆರೆ ಕಣ್ಣಿಗೆ ಬೀಳುತ್ತದೆ.