ಪದಚರ್ಚೆ: ‘ಚೀಟಿ’ಯೋ ‘ಶಿಫಾರಸೋ’? ಗಾಂಜಾವನ್ನು ಔಷಧಿಯಾಗಿ ಬಳಸುವವರ ಕಾನೂನಿಗೆ ಕನ್ನಡದ ಮಾತು

ಮಾನ್ಯರೆ,

ಕ್ಯಾಲಿಫೋರ್ನಿಯಾದಲ್ಲಿ ಮಕ್ಕಳ ಮನೆಯಲ್ಲಿ ನೆಲೆಸಿರುವ ಕನ್ನಡದ ಹಿರಿಯರಿಗಾಗಿ ಎರಡು ಪುಟದ ತಿಳಿವಳಿಕೆ ಪತ್ರವೊಂದನ್ನು ಸಿದ್ಧಪಡಿಸುತ್ತಿದ್ದೇನೆ. ವೈದ್ಯರ ಮಾತಿನ ಮೇಲೆ ಗಾಂಜಾ ಬಳಸುವ ರೋಗಿಗೆ ಆ ರಾಜ್ಯದ ಕಾನೂನು ಏನನ್ನು ಕೊಡುತ್ತದೆ, ಏನನ್ನು ಕೊಡುವುದಿಲ್ಲ ಎಂಬುದು ಅದರ ವಿಷಯ. ಕಾನೂನನ್ನು ಓದಿ ತಿಳಿಯುವುದು ಅಷ್ಟೇನೂ ಕಷ್ಟವಾಗಲಿಲ್ಲ. ಅದನ್ನು ಕನ್ನಡದಲ್ಲಿ ಹೇಳಹೊರಟಾಗ ನಾಲ್ಕೈದು ಪದಗಳ ಬಳಿ ಬಂಡಿ ಹೂತುಕೊಂಡಿದೆ. ಬಲ್ಲವರು ದಾರಿ ತೋರಿಸಬೇಕೆಂದು ಕೋರಿ ಇದನ್ನು ಬರೆಯುತ್ತಿದ್ದೇನೆ.

ಮೊದಲ ತೊಡಕೇ ಎಲ್ಲಕ್ಕಿಂತ ದೊಡ್ಡದು. 1996ರ ನವೆಂಬರಿನಲ್ಲಿ ಆ ರಾಜ್ಯದ ಮತದಾರರು 215ನೆಯ ಪ್ರಸ್ತಾವವನ್ನು ಒಪ್ಪಿ, ಕ್ಯಾನ್ಸರ್, ಏಡ್ಸ್, ಗ್ಲಾಕೋಮಾ, ಸಂಧಿವಾತ, ಮೈಗ್ರೇನ್, ಬಹುಕಾಲದ ನೋವು ಮುಂತಾದವುಗಳಿಗೆ ಗಾಂಜಾ ಬಳಸಲು ಅವಕಾಶ ಮಾಡಿಕೊಟ್ಟರು. ಆದರೆ ಅಮೆರಿಕದ ಕೇಂದ್ರ ಸರ್ಕಾರದ 1970ರ ಕಾಯ್ದೆಯು ಗಾಂಜಾವನ್ನು ಮೊದಲನೆಯ ಅನುಸೂಚಿಯಲ್ಲಿ, ಎಂದರೆ ಔಷಧಿಯಾಗಿ ಒಪ್ಪಿತವಾದ ಬಳಕೆಯೇ ಇಲ್ಲವೆಂದು ಎಣಿಸಿದ ವಸ್ತುಗಳ ಸಾಲಿನಲ್ಲಿ ಇರಿಸಿತ್ತು, ಮತ್ತು ಆ ಸಾಲಿನ ವಸ್ತುವಿಗೆ ವೈದ್ಯರು ಔಷಧಿ ಚೀಟಿ ಬರೆಯುವಂತಿಲ್ಲ. ಅದಕ್ಕಾಗಿ ರಾಜ್ಯದ ಕಾನೂನು ಚೀಟಿಯ ಮಾತನ್ನೇ ಎತ್ತದೆ, ವೈದ್ಯರು ಬರಹದಲ್ಲೋ ಬಾಯಿಮಾತಿನಲ್ಲೋ ‘ರೆಕಮಂಡೇಶನ್’ ಕೊಟ್ಟರೆ ಸಾಕು ಎಂದಿತು. ಹಾಗೆ ಹೇಳುವ ವೈದ್ಯರ ಪರವಾನಗಿಗೆ ಕೇಂದ್ರ ಸರ್ಕಾರ ಕೈಹಾಕಲು ಹೊರಟಾಗ, 2002ರಲ್ಲಿ ಕೇಂದ್ರ ನ್ಯಾಯಾಂಗಕ್ಕೆ ಸೇರಿದ ಒಂಬತ್ತನೆಯ ಸರ್ಕ್ಯೂಟಿನ ಮೇಲ್ಮನವಿ ನ್ಯಾಯಾಲಯವು ಕೊನಾಂಟ್ ಪ್ರಕರಣದಲ್ಲಿ, ವೈದ್ಯರು ರೋಗಿಗೆ ಆಡುವ ಆ ಮಾತಿಗೆ ವಾಕ್‌ಸ್ವಾತಂತ್ರ್ಯದ ಆಸರೆಯಿದೆ ಎಂದು ತೀರ್ಪಿತ್ತಿತು. ಚೀಟಿ ಬರೆಯುವುದು ಬೇರೆ, ಮಾತು ಹೇಳುವುದು ಬೇರೆ ಎಂಬ ಈ ಒಂದು ಭೇದದ ಮೇಲೆ ಇಡೀ ಏರ್ಪಾಡು ನಿಂತಿದೆ. ಕನ್ನಡದಲ್ಲಿ ಆ ಭೇದ ಅಳಿಸಿಹೋದರೆ ಓದುವವರಿಗೆ ಕಾನೂನೇ ತಪ್ಪಾಗಿ ತಿಳಿಯುತ್ತದೆ.

ಮೊದಲ ಕರಡಿನಲ್ಲಿ ನಾನು ‘ಶಿಫಾರಸು ಪತ್ರ’ ಎಂದು ಬರೆದಿದ್ದೆ. ಅದನ್ನು ಓದಿ ನೋಡಲು ಒಪ್ಪಿದವರು ಗೆಳೆಯನ ತಾಯಿ, ದಾವಣಗೆರೆ ಕಡೆಯವರು, ಎಪ್ಪತ್ತು ದಾಟಿದವರು. ಕೀಮೋಥೆರಪಿಯ ವಾಕರಿಕೆ ತಡೆಯಲಾಗದೆ ಇದ್ದಾಗ ವೈದ್ಯರೇ ಅವರ ಮುಂದೆ ಈ ವಿಷಯ ತೆಗೆದಿದ್ದರು. ಅವರು ಕನ್ನಡಕವನ್ನು ಹಣೆಗೇರಿಸಿಕೊಂಡು, “ಶಿಫಾರಸು ಯಾರ ಕಡೆಯಿಂದ ತರ್ಬೇಕು ತಮ್ಮಾ, ಎಮ್ಮೆಲ್ಲೆ ಕಡೆಯಿಂದ್ಲಾ?” ಎಂದು ಕೇಳಿದರು. ಅವರ ಪ್ರಶ್ನೆಯಲ್ಲಿ ತಪ್ಪೇನೂ ಇಲ್ಲ. ನಮ್ಮಲ್ಲಿ ಶಿಫಾರಸು ಎಂದರೆ ಸೀಟಿಗೋ ವರ್ಗಾವಣೆಗೋ ದೊಡ್ಡವರಿಂದ ಹೇಳಿಸುವುದು, ಇಲ್ಲವೇ ಆಯೋಗವೊಂದು ಸರ್ಕಾರಕ್ಕೆ ಕೊಟ್ಟು ಕಪಾಟು ಸೇರುವಂಥದ್ದು. ಪತ್ರಿಕೆಗಳಲ್ಲಿ ‘ವೈದ್ಯರು ಶಿಫಾರಸು ಮಾಡಿದ ಔಷಧಿ’ ಎಂಬ ಬಳಕೆ ಇದೆಯಲ್ಲ ಎಂದು ಕೆಲವರು ಹೇಳಬಹುದು. ಇದೆ, ಆದರೆ ಅಲ್ಲಿ ಅದರ ಅರ್ಥ ಚೀಟಿಯಲ್ಲಿ ಬರೆದುಕೊಟ್ಟ ಔಷಧಿ ಎಂದೇ ಆಗಿರುವುದರಿಂದ, ನಾನು ಬೇರ್ಪಡಿಸಬೇಕಾದ ಎರಡೂ ಅದೇ ಪದದೊಳಗೆ ಬೆರೆತು ಕೂತಿವೆ. ‘ಸಲಹೆ’ ತೀರ ಹಗುರ. ಬಿಸಿನೀರು ಕುಡಿಯಿರಿ ಎಂಬುದೂ ಸಲಹೆಯೇ. ‘ಸಮ್ಮತಿ’ಯು ಶಸ್ತ್ರಚಿಕಿತ್ಸೆಗೆ ಮುನ್ನ ರೋಗಿಯ ಕಡೆಯವರು ರುಜು ಹಾಕುವುದಕ್ಕೆ ಮೀಸಲಾಗಿಬಿಟ್ಟಿದೆ. ಸದ್ಯಕ್ಕೆ ‘ವೈದ್ಯರ ಅಭಿಪ್ರಾಯ ಪತ್ರ’ ಎಂದು ಇಟ್ಟುಕೊಂಡಿದ್ದೇನೆ. ಬಾಯಿಮಾತೂ ಸಾಕೆಂದು ಕಾನೂನು ಹೇಳುತ್ತಿರುವಾಗ ‘ಪತ್ರ’ ಎಂದು ಸೇರಿಸಬಹುದೇ ಎಂಬ ಅಳುಕು ಉಳಿದಿದೆ.

ಚೀಟಿಯ ತೊಂದರೆ ಅಲ್ಲಿಗೇ ಮುಗಿಯುವುದಿಲ್ಲ. 2003ರಲ್ಲಿ ಅಂಗೀಕಾರವಾದ ಇನ್ನೊಂದು ಕಾಯ್ದೆಯಂತೆ, ಬೇಕೆಂದ ರೋಗಿಗಳಿಗೆ ಕೌಂಟಿಯ, ಎಂದರೆ ನಮ್ಮ ಜಿಲ್ಲೆಯಂಥ ಆಡಳಿತ ವಿಭಾಗದ, ಆರೋಗ್ಯ ಇಲಾಖೆ ಗುರುತಿನ ಕಾರ್ಡೊಂದನ್ನು ಕೊಡುತ್ತದೆ. ಅದು ಕಡ್ಡಾಯವಲ್ಲ. ಆದರೆ ಕಾಯಿಲೆಯಿಲ್ಲದ ವಯಸ್ಕರ ಬಳಕೆಯನ್ನೂ ಒಪ್ಪಿದ 2016ರ 64ನೆಯ ಪ್ರಸ್ತಾವದ ಬಳಿಕ ಮಾರಾಟ ತೆರಿಗೆಯ ವಿನಾಯಿತಿ ಸಿಗುವುದು ಈ ಕಾರ್ಡ್ ತೋರಿಸಿದವರಿಗೆ ಮಾತ್ರ. ವೈದ್ಯರ ಅಭಿಪ್ರಾಯ ಪತ್ರವೊಂದನ್ನೇ ಹಿಡಿದುಹೋದರೆ ವಿನಾಯಿತಿ ಇಲ್ಲ. ‘ಮತದಾರರ ಗುರುತಿನ ಚೀಟಿ’ ಎಂದು ಹೇಳಿ ರೂಢಿಯಾದ ನಾವು ಇದನ್ನೂ ‘ಗುರುತಿನ ಚೀಟಿ’ ಎಂದರೆ, ಓದುವವರು ಎರಡು ಚೀಟಿಗಳ ನಡುವೆ ಕಂಗಾಲಾಗುತ್ತಾರೆ. ಹಾಗಾಗಿ ಇಲ್ಲಿ ‘ಕಾರ್ಡ್’ ಎಂಬುದನ್ನೇ ಉಳಿಸಿಕೊಂಡಿದ್ದೇನೆ; ಇದರ ಬಗ್ಗೆ ನನಗೆ ಸಂಕೋಚವಿಲ್ಲ. ‘ಡಿಸ್ಪೆನ್ಸರಿ’ ಎಂಬುದನ್ನು ಮಾತ್ರ ಕನ್ನಡ ಲಿಪಿಗಿಳಿಸಿ ಸುಮ್ಮನಿರಲು ಆಗಲಿಲ್ಲ. ಇಎಸ್‌ಐ ಡಿಸ್ಪೆನ್ಸರಿಯಲ್ಲಿ ಬಣ್ಣದ ನೀರಿನ ಔಷಧಿಗೆ ಸೀಸೆ ಹಿಡಿದು ನಿಂತವರಿಗೆ ಆ ಪದ ವೈದ್ಯರಿರುವ ಜಾಗವನ್ನು ನೆನಪಿಸುತ್ತದೆ, ಕ್ಯಾಲಿಫೋರ್ನಿಯಾದಲ್ಲಾದರೋ ಅದು ಪರವಾನಗಿ ಪಡೆದ ಗಾಂಜಾ ಅಂಗಡಿ. ‘ಅಂಗಡಿ’ ಎಂದೇ ಬರೆದೆ.

‘ಗಾಂಜಾ’ ಪದದ ಬಗ್ಗೆಯೂ ಒಂದು ಮಾತು. ಮಾದಕವಸ್ತುಗಳನ್ನು ಕುರಿತ ಭಾರತದ 1985ರ ಎನ್‌ಡಿಪಿಎಸ್ ಕಾಯ್ದೆಯಲ್ಲಿ ಗಾಂಜಾ ಎಂದರೆ ಗಿಡದ ಹೂ ಅಥವಾ ಕಾಯಿ ಬಿಟ್ಟ ತುದಿ. ತುದಿಯ ಜತೆಗಿಲ್ಲದ ಎಲೆ ಮತ್ತು ಬೀಜ ಆ ವ್ಯಾಖ್ಯೆಯಿಂದ ಹೊರಗೆ. ಕ್ಯಾಲಿಫೋರ್ನಿಯಾದ ‘ಕ್ಯಾನಬಿಸ್’ನಲ್ಲಿ ಎಲೆಯೂ ಸೇರುತ್ತದೆ. ‘ಭಂಗಿ’ ಎಂದು ಬರೆಯೋಣವೆಂದರೆ, ಸೇದುವುದಕ್ಕೂ ಅರೆದು ಕುಡಿಯುವುದಕ್ಕೂ ನಮ್ಮ ಜನ ಆ ಒಂದೇ ಪದವನ್ನು ಬಳಸುತ್ತಾರೆ; ಮೇಲಾಗಿ ‘ಭಂಗಿ ದೇವರಿಗೆ ಹೆಂಡಗುಡುಕ ಪೂಜಾರಿ’ ಎಂಬ ಗಾದೆಯ ನಗು ಅದಕ್ಕೆ ಅಂಟಿಕೊಂಡಿದೆ. ಕಾಯಿಲೆಯವರ ಕೈಗೆ ಕೊಡುವ ಹಾಳೆಯಲ್ಲಿ ಆ ನಗು ಬೇಡವೆನಿಸಿತು. ‘ಗಾಂಜಾ’ ಎಂದರೆ ‘ಇಬ್ಬರ ಬಂಧನ’ ಎಂಬ ಸುದ್ದಿಯ ವಾಸನೆ ಬರುತ್ತದೆ ನಿಜ, ಆದರೂ ಅದನ್ನೇ ಇಟ್ಟುಕೊಂಡು, ಇಲ್ಲಿ ಇಡೀ ಗಿಡ ಎಂದರ್ಥ ಎಂದು ಒಮ್ಮೆ ವಿವರಿಸಿದ್ದೇನೆ. ಊರಿಗೆ ಹೋಗುವಾಗ ಅಲ್ಲಿನ ಕಾರ್ಡ್ ಭಾರತದಲ್ಲಿ ನಡೆಯುವುದಿಲ್ಲವೆಂದು ಎಚ್ಚರಿಸುವುದಕ್ಕೂ ಆ ವಾಸನೆ ಉಪಯೋಗಕ್ಕೇ ಬಂತು.

ರೋಗಿಯ ಪರವಾಗಿ ಗಾಂಜಾ ತರಬಲ್ಲವರನ್ನು ಕಾನೂನು ‘ಪ್ರೈಮರಿ ಕೇರ್‌ಗಿವರ್’ ಎನ್ನುತ್ತದೆ. ‘ಪಾಲಕ’, ‘ಪೋಷಕ’ ಎಂದರೆ ಶಾಲೆಯ ಸಭೆಯ ನೆನಪಾಗುತ್ತದೆ. ‘ಆರೈಕೆದಾರ’ ಎಂಬುದು ಸರ್ಕಾರಿ ನಮೂನೆಯಲ್ಲಿ ಮಾತ್ರ ಬದುಕಿರುವ ಪದ. ರೋಗಿಯ ವಸತಿ, ಆರೋಗ್ಯ ಅಥವಾ ಸುರಕ್ಷತೆಯ ಹೊಣೆಯನ್ನು ಬಿಡದೆ ಹೊತ್ತವರು ಎಂಬುದು ಮೂಲದ ಅರ್ಥ. 2008ರ ಮೆಂಚ್ ಪ್ರಕರಣದಲ್ಲಿ ರಾಜ್ಯದ ಸರ್ವೋಚ್ಚ ನ್ಯಾಯಾಲಯವು, ಗಾಂಜಾ ಬೆಳೆದು ಒದಗಿಸಿದ ಮಾತ್ರಕ್ಕೆ ಯಾರೂ ಹಾಗೆನಿಸಿಕೊಳ್ಳಲಾರರು, ಅದಕ್ಕೆ ಹೊರತಾದ ಆರೈಕೆಯನ್ನು ಮೊದಲಿನಿಂದಲೂ ಮಾಡುತ್ತಿರಬೇಕು ಎಂದು ಸ್ಪಷ್ಟಪಡಿಸಿತು. ಕನ್ನಡದಲ್ಲಿ ‘ಅವರನ್ನು ಯಾರು ನೋಡಿಕೊಳ್ಳುತ್ತಾರೆ?’ ಎಂದು ಕೇಳುವಾಗ ಇದಿಷ್ಟೂ ಬಂದುಬಿಡುತ್ತದೆ. ‘ನೋಡಿಕೊಳ್ಳುವವರು’ ಎಂದು ಬರೆದರೆ ಕಾನೂನಿನ ಪದದಂತೆ ಕಾಣುವುದಿಲ್ಲವೆಂಬ ಆಕ್ಷೇಪ ಬರಬಹುದು; ನನ್ನ ಮಟ್ಟಿಗೆ ಅದೇ ಅದರ ಗುಣ.

ಕೊನೆಯದಾಗಿ ‘ಹಕ್ಕು’. 1996ರ ಕಾನೂನಿನ ಪಾಠದಲ್ಲಿಯೇ ಹಕ್ಕು ಎಂಬರ್ಥದ ಪದವಿದೆ, ಹಾಗಾಗಿ ಅನುವಾದಕ ಅದನ್ನು ಕೈಬಿಡುವಂತಿಲ್ಲ. ಆದರೆ 2005ರ ರೈಚ್ ತೀರ್ಪಿನಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯವು, ರಾಜ್ಯ ಏನೇ ಹೇಳಲಿ, ಕೇಂದ್ರದ ನಿಷೇಧ ರೋಗಿಗಳಿಗೂ ಅನ್ವಯಿಸುತ್ತದೆ ಎಂದಿತು. 2008ರ ರಾಸ್ ಪ್ರಕರಣದಲ್ಲಿ, ಬೆನ್ನುನೋವಿಗೆ ಗಾಂಜಾ ಬಳಸುತ್ತಿದ್ದು, ಕೆಲಸಕ್ಕೆ ಸೇರುವ ವೇಳೆಯ ಪರೀಕ್ಷೆಯಿಂದಾಗಿ ನೌಕರಿ ಕಳೆದುಕೊಂಡವರೊಬ್ಬರಿಗೆ ರಾಜ್ಯದ ನ್ಯಾಯಾಲಯ ಪರಿಹಾರ ಕೊಡಲಿಲ್ಲ. ಆ ಕಾನೂನು ರಾಜ್ಯದ ಕ್ರಿಮಿನಲ್ ಮೊಕದ್ದಮೆಯಿಂದ ಪಾರುಮಾಡುತ್ತದೆಯೇ ಹೊರತು ಮಾಲೀಕರನ್ನು ಕಟ್ಟಿಹಾಕುವುದಿಲ್ಲ ಎಂಬುದು ಅದರ ತಾತ್ಪರ್ಯ. ಕೆಲಸದ ಹೊತ್ತಿನ ಹೊರಗಿನ ಬಳಕೆಗಾಗಿ ತಾರತಮ್ಯ ಮಾಡಬಾರದೆಂಬ ನಿಯಮ ಜಾರಿಗೆ ಬಂದದ್ದು 2024ರ ಜನವರಿಯಲ್ಲಿ, ಅದೂ ಕಟ್ಟಡ ನಿರ್ಮಾಣದಂಥ ಕೆಲವು ಕ್ಷೇತ್ರಗಳನ್ನು ಬಿಟ್ಟು. ಇನ್ನು ನಮ್ಮವರಿಗೆ ಹತ್ತಿರದ ಸಂಗತಿ: ರಾಜ್ಯದಲ್ಲಿ ಒಪ್ಪಿತವಾದ ಬಳಕೆಯೂ ಪೌರತ್ವದ ಅರ್ಜಿಗೆ ಬೇಕಾದ ಸನ್ನಡತೆಗೆ ಅಡ್ಡಿಯಾಗಬಹುದೆಂದು 2019ರ ಏಪ್ರಿಲಿನಲ್ಲಿ ಅಲ್ಲಿನ ವಲಸೆ ಇಲಾಖೆ ಪ್ರಕಟಿಸಿತು. ನಾನು ಹೇಳಿದ ತಾಯಿಯವರು ಗ್ರೀನ್ ಕಾರ್ಡಿನವರು. ‘ನಿಮಗೆ ಹಕ್ಕಿದೆ’ ಎಂಬ ಸಾಲನ್ನು ಓದಿ ಅವರು ಸಂದರ್ಶನದಲ್ಲಿ ಅಧಿಕಾರಿಯ ಮುಂದೆ ಅದನ್ನೇ ಧೈರ್ಯವಾಗಿ ಹೇಳಿದರೆ, ಆ ಸಾಲಿಗೆ ಹೊಣೆ ನಾನೇ ಆಗುತ್ತೇನೆ.

‘ಸಕ್ರಮ’ವೂ ಒಗ್ಗುವುದಿಲ್ಲ: ಬಗರ್‌ಹುಕುಂ ಸಕ್ರಮವಾದರೆ ಜಮೀನಿನ ಪತ್ರ ಕೈಗೆ ಬಂತೆಂದೇ ನಮ್ಮವರ ಎಣಿಕೆ. ‘ವಿನಾಯಿತಿ’ ನಿಜಕ್ಕೆ ಹತ್ತಿರ, ಆದರೆ ತೆರಿಗೆಯ ವಿನಾಯಿತಿಯನ್ನೂ ಅದೇ ಹಾಳೆಯಲ್ಲಿ ಹೇಳಬೇಕಾಗಿದೆ. ‘ರಕ್ಷಣೆ’ ಎಂದರೆ ಯಾರಿಂದ ಎಂದು ಜತೆಗೇ ಹೇಳಲೇಬೇಕಾಗುವುದರಿಂದ ನನ್ನ ಒಲವು ಅದರ ಕಡೆಗಿದೆ.

ಈಗ ಹಾಳೆಯ ಮೊದಲ ವಾಕ್ಯ ಹೀಗಿದೆ: ‘ವೈದ್ಯರ ಅಭಿಪ್ರಾಯ ಪತ್ರವಿರುವ ರೋಗಿಗೂ ಅವರನ್ನು ನೋಡಿಕೊಳ್ಳುವವರಿಗೂ ಗಾಂಜಾ ಬಳಕೆಯ ವಿಷಯದಲ್ಲಿ ರಾಜ್ಯದ ಮೊಕದ್ದಮೆಯಿಂದ ರಕ್ಷಣೆಯಿದೆ, ಕೇಂದ್ರದ ಕಾನೂನಿನಿಂದ ಇಲ್ಲ.’ ಇದರಲ್ಲಿ ‘ಅಭಿಪ್ರಾಯ ಪತ್ರ’ಕ್ಕೆ ಬದಲಾಗಿ, ಬಾಯಿಮಾತನ್ನೂ ಒಳಗೊಳ್ಳುವ, ಚೀಟಿಯೆಂಬ ಭ್ರಮೆ ಹುಟ್ಟಿಸದ ಪದ ಯಾರಿಗಾದರೂ ಹೊಳೆದರೆ, ನಿಮ್ಮ ಊರಿನ ಬಳಕೆಯ ಒಂದು ವಾಕ್ಯದೊಂದಿಗೆ ತಿಳಿಸಬೇಕಾಗಿ ವಿನಂತಿ.