ಲಿಬ್ರೆಆಫೀಸ್ ಸೆಟ್ಟಿಂಗ್ ವಿಂಡೋಸ್‌ನಿಂದ ಲಿನಕ್ಸ್‌ಗೆ ಒಯ್ಯುವುದು ಹೇಗೆ?

ಡೊಂಬಿವಲಿಯಿಂದ: ಕನ್ನಡ ಸಂಘದ ಕಚೇರಿಯಲ್ಲಿ ವಿಂಡೋಸ್ 11, ಮನೆಯಲ್ಲಿ ಉಬುಂಟು ಲಿನಕ್ಸ್. ನಿಘಂಟು, ಆಟೋಕರೆಕ್ಟ್, ಟೆಂಪ್ಲೇಟ್ ಎರಡೂ ಕಡೆ ಒಂದೇ ಇರಬೇಕು. ಇಡೀ ಪ್ರೊಫೈಲ್ (ಸೆಟ್ಟಿಂಗ್‌ಗಳೆಲ್ಲ ಇರುವ ಫೋಲ್ಡರ್) ನಕಲಿಸಿದರೆ ಟೆಂಪ್ಲೇಟ್ ಸಿಗುತ್ತಿಲ್ಲ, ಅಕ್ಷರವೂ ಬದಲಾಗಿದೆ. ಯಾಕೆ?

ಪುಣೆ, ಕೋಥ್ರೂಡ್: ಇಡೀ ಪ್ರೊಫೈಲ್ ನಕಲಿಸಲೇಬೇಡಿ. ‘ರಿಜಿಸ್ಟ್ರಿಮಾಡಿಫಿಕೇಶನ್ಸ್’ ಕಡತದಲ್ಲಿ ಸಿ ಡ್ರೈವ್‌ನ ಪೂರ್ಣ ವಿಳಾಸಗಳು ಕೂತಿರುತ್ತವೆ. ಲಿನಕ್ಸ್‌ನಲ್ಲಿ ಅವಕ್ಕೆ ಅರ್ಥವಿಲ್ಲ. ವಿಂಡೋಸ್‌ನಲ್ಲಿ ಆ್ಯಪ್‌ಡೇಟಾ, ರೋಮಿಂಗ್, ಲಿಬ್ರೆಆಫೀಸ್, 4, ಯೂಸರ್ ಹೀಗೆ ಒಂದರೊಳಗೊಂದು ಫೋಲ್ಡರ್ ತೆರೆಯಿರಿ. ಅಲ್ಲಿಂದ ವರ್ಡ್‌ಬುಕ್ (ನಿಘಂಟು), ಆಟೋಕರ್ (ಆಟೋಕರೆಕ್ಟ್), ಟೆಂಪ್ಲೇಟ್ ಮೂರನ್ನಷ್ಟೇ ತೆಗೆದು, ಲಿನಕ್ಸ್‌ನ ಹೋಮ್ ಒಳಗಿನ ಡಾಟ್ ಕಾನ್ಫಿಗ್ (.config), ಲಿಬ್ರೆಆಫೀಸ್, 4, ಯೂಸರ್ ಒಳಗೆ ಹಾಕಿ. ಎರಡೂ ಕಡೆ ತಂತ್ರಾಂಶ ಮುಚ್ಚಿರಲಿ. ತೆರೆದಿದ್ದರೆ ಮುಚ್ಚುವಾಗ ಹಳೆಯದನ್ನೇ ಮೇಲೆ ಬರೆದುಬಿಡಬಹುದು. ಇದನ್ನೇ ಬಹಳ ಮಂದಿ ಮರೆಯುತ್ತಾರೆ.

ಮಡಗಾಂವ್: ಲಿನಕ್ಸ್‌ನಲ್ಲಿ ಹಾಕಿದ್ದು ಫ್ಲಾಟ್‌ಪ್ಯಾಕ್ (ತಂತ್ರಾಂಶವನ್ನು ಪ್ರತ್ಯೇಕ ಪೊಟ್ಟಣವಾಗಿ ಕೊಡುವ ವಿಧಾನ) ಆವೃತ್ತಿಯಾದರೆ ಆ ಜಾಗವಲ್ಲ, ಹೋಮ್‌ನ ಡಾಟ್ ವಾರ್ (.var) ಒಳಗೆ ಹುಡುಕಿ. ಅಕ್ಷರದ ತೊಂದರೆ ಬೇರೆಯೇ: ಬಹುಶಃ ನೀವು ಬಳಸಿದ್ದು ತುಂಗಾ ಫಾಂಟ್; ಅದು ವಿಂಡೋಸ್‌ನದು, ಉಬುಂಟುವಿನಲ್ಲಿ ಇರುವುದಿಲ್ಲ. ಎರಡೂ ಕಡೆ ನೋಟೋ ಸಾನ್ಸ್ ಕನ್ನಡ ಹಾಕಿ, ಟೆಂಪ್ಲೇಟ್‌ನ ಶೈಲಿಗಳಲ್ಲಿ ಸಿಟಿಎಲ್ (ಕನ್ನಡದಂಥ ಸಂಕೀರ್ಣ ಲಿಪಿಗಳ) ಫಾಂಟ್ ಜಾಗದಲ್ಲಿ ಅದನ್ನೇ ಆರಿಸಿ. ಪಾಶ್ಚಾತ್ಯ ಫಾಂಟ್ ಬದಲಿಸಿದರೆ ಕನ್ನಡಕ್ಕೆ ತಾಗುವುದೇ ಇಲ್ಲ. ಕಡತದ ಹೆಸರಿನಲ್ಲಿ ಇಂಗ್ಲಿಷ್ ದೊಡ್ಡಕ್ಷರ, ಸಣ್ಣಕ್ಷರವನ್ನೂ ನೋಡಿಕೊಳ್ಳಿ. ಲಿನಕ್ಸ್‌ಗೆ ಅವು ಬೇರೆ ಬೇರೆ ಕಡತಗಳು.